ಯಾರೂ ಹೋಗದ ಊರಿಗೆ ಎರಡು ಟಿಕೆಟ್

...ಅಲ್ಲ ಮಾರಾಯ್ತಿ, ಊಟಿ ಬೇಡ ಅಂತ ನಾನೆಲ್ಲಿ ಅಂದೆ? ಊಟಿ ಒಳ್ಳೆ ಊರೇ. ಮದುವೆ ಆದ್ಮೇಲೆ ಶಿವಕುಮಾರ್ ಕರ್ಕೊಂಡು ಹೋಗ್ತಾರೆ, ದೋಣೀಲಿ ಕೂರಿಸ್ತಾರೆ, ಫೋಟೋ ತೆಗೆಸ್ತಾರೆ. ಅದು ಅವರ ಪಾಲಿಂದು. ಈ ಒಂದು ಸಲ ಮಾತ್ರ ನಾನು ಹೇಳಿದ ಊರಿಗೆ ಬಾ. ಇದೇ ಕೊನೇದು ಇಂಪನಾ. ಬರೋ ವೈಶಾಖಕ್ಕೆ ನೀನು ಅವರ ಮನೆಯವಳು. ಆಮೇಲೆ ಅಪ್ಪನ ಜೊತೆ ಪ್ರವಾಸ ಹೋಗ್ತೀನಿ ಅಂದ್ರೆ ನಿನ್ನ ಅತ್ತೆ ಕಳಿಸ್ತಾರಾ?

ಯಾಕೆ ನಗ್ತೀಯ? ಕಳಿಸಲ್ಲ, ನಂಗೊತ್ತು.

ಕೂತ್ಕೋ ಇಲ್ಲೇ, ಬೆಂಚಿನ ಮೇಲೆ. ಕೌಂಟರ್ ಮುಂದೆ ಇನ್ನೂ ಹದಿನಾಲ್ಕು ಜನ ಇದ್ದಾರೆ, ನಾನು ಎಣಿಸಿದೀನಿ. ಶಿವಮೊಗ್ಗ ಸ್ಟೇಷನ್ನಲ್ಲಿ ಸರದಿ ಬರೋಕೆ ಒಬ್ಬೊಬ್ಬರಿಗೆ ಮೂರು ನಿಮಿಷ ಹಿಡಿಯುತ್ತೆ, ಮಧ್ಯೆ ಕೌಂಟರಿನವನು ಟೀ ಕುಡಿಯೋಕೆ ಎದ್ದರೆ ಅದು ಬೇರೆ. ಅಷ್ಟರಲ್ಲಿ ಈ ಫಾರಂ ತುಂಬಿಬಿಡು. ಪ್ರತಿ ವರ್ಷ ಶ್ರೀನಿವಾಸಮೂರ್ತಿಗಳು ಬರೆದುಕೊಡ್ತಿದ್ರು. ರಿಟೈರ್ಡ್ ಮೇಷ್ಟ್ರು, ಆ ಮೂಲೇಲಿ ಕೂತು ಇಂಗ್ಲಿಷ್ ಬರದವರಿಗೆಲ್ಲ ಪುಕ್ಕಟೆ ಬರೆದುಕೊಡ್ತಾರೆ. ಕಣ್ಣಿನ ಆಪರೇಷನ್ ಆಗಿದೆಯಂತೆ, ಹದಿನೈದು ದಿನ ಬರಲ್ವಂತೆ. ಅದಕ್ಕೇ ನಿನ್ನ ಕಾಲೇಜಿಂದ ಕರೆಸಿದ್ದು. ಇಲ್ಲಾಂದ್ರೆ ನಾನೊಬ್ಬನೇ ಮುಗಿಸ್ಕೊಂಡು ಭದ್ರಾವತಿ ಬಸ್ಸು ಹತ್ತಿಬಿಡ್ತಿದ್ದೆ.

ಊರು ಗಂಡಿಕೋಟ. ಹಾಗೆ ಮುಖ ಸಿಂಡರಿಸಬೇಡ, ಪೂರ್ತಿ ಕೇಳು. ಕಡಪ ಜಿಲ್ಲೆ. ಮುದ್ದನೂರು ಅಂತ ಸ್ಟೇಷನ್ನು, ಅಲ್ಲಿಂದ ಬಸ್ಸು, ಆಮೇಲೆ ಒಂದಿಷ್ಟು ನಡಿಗೆ. ಒಂದು ಹಳೇ ಕೋಟೆ, ಕೆಳಗೆ ಪೆನ್ನಾರ್ ಹೊಳೆ ಬಂಡೆ ಸೀಳ್ಕೊಂಡು ಹೋಗುತ್ತಂತೆ. ನಮ್ಮ ಕಾರ್ಖಾನೇಲಿ ಕ್ರೇನ್ ನಡೆಸ್ತಾನಲ್ಲ ರೆಡ್ಡಿ, ಅವನ ತಾಯಿಯ ಊರಿನ ಪಕ್ಕ. ಅವನೇ ಹೇಳಿದ್ದು, ಅವನೂ ಕೋಟೆ ತನಕ ಹೋಗಿಲ್ವಂತೆ. ಆಮೇಲೆ ನಾನು ನ್ಯೂ ಟೌನಲ್ಲಿ ಸಿಕ್ಕಿದವರನ್ನೆಲ್ಲ ಕೇಳಿದೆ, ಗಂಡಿಕೋಟ ನೋಡಿದೀರಾ ಅಂತ. ಒಬ್ಬರೂ ನೋಡಿಲ್ಲ. ಹೆಸರೇ ಕೇಳಿಲ್ಲ. ಆಗ ಗಟ್ಟಿ ಮಾಡಿದೆ.

ಹೌದು, ನನ್ನ ಲೆಕ್ಕಾಚಾರ ಅದೇ. ಒಬ್ಬ ಹೋಗಿ ಬಂದಿದಾನೆ ಅಂದ್ರೂ ಆ ಊರು ಬಿಟ್ಟೆ. ಕ್ಯಾಂಟೀನಲ್ಲಿ ಏನಂತಾರೆ ಗೊತ್ತಾ? ಚೌಡಯ್ಯ ರಜಾ ಹಾಕಿದಾನೆ ಅಂದ್ರೆ ನಾಯಿನೂ ಇಲ್ಲದ ಯಾವುದೋ ಊರಿಗೆ ಹೊರಟ ಅಂತಲೇ ಲೆಕ್ಕ. ಅನ್ನಲಿ. ಅವರು ವರ್ಷ ವರ್ಷ ತಿರುಪತಿಗೆ ಹೋಗಿ ತಲೆ ಬೋಳಿಸ್ಕೊಂಡು ಬರ್ತಾರೆ, ನಾನೇನಾದ್ರೂ ಅಂದಿದೀನಾ?

ನಿಂಗೂ ಬೇಜಾರಾಗಿದೆ, ನಂಗೊತ್ತು. ತರಂಗಂಬಾಡೀಲಿ ಮಧ್ಯಾಹ್ನ ಮೂರಾದ್ರೂ ಊಟ ಸಿಗದೆ ಕಡಲೆಕಾಯಿ ತಿಂದ್ವಿ. ಲೋಣಾರಲ್ಲಿ ಆ ಉಪ್ಪು ಕೆರೆ ವಾಸನೆಗೆ ನೀನು ವಾಂತಿ ಮಾಡ್ಕೊಂಡೆ. ಸೊರಬದ ಹತ್ರ ಗುಡವಿಗೆ ಹೋದಾಗ ಹಕ್ಕಿಗಳೆಲ್ಲ ಆಗಲೇ ಎದ್ದು ಹೋಗಿದ್ವು, ಬರೀ ಮರ ನೋಡ್ಕೊಂಡು ಬಂದ್ವಿ. ಆಗ ನಿಂಗೆ ಒಂಬತ್ತು ವರ್ಷ. ಅದೇ ಮೊದಲನೇದು. ಹತ್ತಿರದ ಊರಿಂದ ಶುರು ಮಾಡೋಣ, ಆಮೇಲೆ ದೂರ ಹೋಗೋಣ ಅಂತ ಅಂದ್ಕೊಂಡಿದ್ದೆ. ಹಾಗೇ ಆಯ್ತು, ವರ್ಷ ವರ್ಷ ದೂರ ದೂರ.

ಬರಿ. ಹೆಸರು, ಚೌಡಯ್ಯ. ಗಂಡು. ಐವತ್ತೆರಡು. ಎರಡನೇ ಸಾಲಿಗೆ ನೀನು. ಹೆಣ್ಣು. ಇಪ್ಪತ್ತು. ಬರ್ತು ಕೆಳಗಿಂದೇ ಕೇಳು, ನನ್ನ ಮಂಡಿ ಮೇಲಕ್ಕೆ ಹತ್ತಲ್ಲ.

ಸಾರ್, ಪೆನ್ನು ಈಗ ಕೊಡೋಕಾಗಲ್ಲ, ನಾವೇ ಬರೀತಾ ಇದೀವಿ. ಆಮೇಲೆ ಕೊಡ್ತೀವಿ... ನೋಡು, ಊರೂರು ಸುತ್ತೋಕೆ ಹೊರಟವರ ಹತ್ರ ಒಂದು ಪೆನ್ನು ಇರಲ್ಲ.

ಮುಗೀತಾ? ಇಲ್ಲ, ಇನ್ನೊಂದು ಫಾರಂ ಇದೆ. ಇದು ಹೋಗೋದಕ್ಕೆ. ಬರೋದಕ್ಕೆ ಬೇರೆ ತುಂಬಬೇಕು. ಒಂದರಲ್ಲೇ ಆಗುತ್ತೆ ಅಂತೀಯ... ಆಗುತ್ತೆ, ಎಲ್ಲರೂ ಹಾಗೇ ಮಾಡ್ತಾರೆ. ನಾನು ಬೇರೆ ಮಾಡಿಸ್ತೀನಿ. ಅದಕ್ಕೊಂದು ಕಾರಣ ಇದೆ. ಹೇಳ್ತೀನಿ ಇರು.

ಮೊನ್ನೆ ನಿನ್ನ ಸೋದರಮಾವ ಸುಬ್ಬಪ್ಪ ಬಂದಿದ್ದ ಹೊಳಲೂರಿಂದ. ಧಾರೆ ಎರೆಯೋಕೆ ಜೋಡಿ ಬೇಕು, ಹೆಂಡತಿ ಇಲ್ಲದವನು ಮುಂದೆ ಬರಬಾರದು, ನಾನೂ ನನ್ನ ಹೆಂಡತಿಯೂ ಎರೀತೀವಿ ಅಂದ. ಪದ್ಧತಿ ಸರಿಯೇ. ನಿಮ್ಮಮ್ಮ ಹೊಳೆ ಪಾಲಾಗಿ ಹನ್ನೆರಡು ವರ್ಷ ಆಯ್ತು, ನಾನು ಒಂಟಿಯೇ. ಹೂಂ ಅಂದೆ. ಹೂಂ ಅಂದ್ಮೇಲೆ ಅವನು ತಿಂಡಿ ತಿಂದ, ಹೋದ. ನಾನು ಕೂತಲ್ಲೇ ಕೂತಿದ್ದೆ. ನನ್ನ ಮಗಳ ಕೈಗೆ ನೀರು ಬಿಡೋವಾಗ ನಾನು ಚಪ್ಪರದ ಕಂಬ ಹಿಡ್ಕೊಂಡು ನಿಂತಿರಬೇಕಲ್ಲ ಅಂತ... ಆ ಕಂಬ ನೆಡೋನೂ ನಾನೇ.

ಇರಲಿ ಬಿಡು. ಬರಿ. ಬರೋ ದಿನ ಹದಿನೆಂಟು. ಮುದ್ದನೂರಿಂದ. ಸೀಟು ಎಷ್ಟು ಅಂತ ಇದೆಯಲ್ಲ, ಅಲ್ಲಿ ಮೂರು ಅಂತ ಹಾಕು.

ಮೂರು.

ಅದೂ... ರೆಡ್ಡಿ ಇದಾನಲ್ಲ, ಅವನ ಅಕ್ಕನೋ ಯಾರೋ ಇದಾರೆ ಆ ಊರಲ್ಲಿ. ಭದ್ರಾವತಿಗೆ ಬರಬೇಕಂತೆ. ಬರುವಾಗ ಜೊತೇಲಿ ಕರ್ಕೊಂಡು ಬಾ ಚೌಡಯ್ಯ ಅಂದ. ವಯಸ್ಸಾದವರು. ಒಬ್ಬರೇ ಬರೋಕೆ ಆಗಲ್ಲ ಅಂತ. ಹೆಸರು ಏನೋ ಹೇಳಿದ, ತೆಲುಗು ಹೆಸರು, ಬಾಯಲ್ಲೇ ಇದೆ... ನೀನು ನಮ್ಮಿಬ್ಬರದು ಮೊದಲು ಬರಿ. ಅಷ್ಟರಲ್ಲಿ ನೆನಪಾಗುತ್ತೆ.

ಯಾಕೆ ಹಾಗೆ ನೋಡ್ತೀಯ? ರೆಡ್ಡಿಗೆ ಅಕ್ಕ ಇರಬಾರದಾ?

ಅಲ್ಲ ಇಂಪನಾ, ಯಾರು ಅಂತ ಒಂದು ಮಾತು ಕೇಳು. ನೀನು ಎಲ್ಲದಕ್ಕೂ ಕೇಳೋಳು. ಈಗ ಸುಮ್ಮನೆ ಬರೀತಾ ಇದೀಯ. ನಮ್ಮಿಬ್ಬರದು ಆಯ್ತು, ನಾನು ನೋಡ್ತಾ ಇದೀನಿ. ಮೂರನೇ ಸಾಲಲ್ಲಿ ಏನು ಬರೀತಿದೀಯ? ನಾನು ಹೆಸರು ಹೇಳೇ ಇಲ್ವಲ್ಲ.

ತೋರ್ಸು ಇಲ್ಲಿ.

ನಂಗೆ ಇಂಗ್ಲಿಷ್ ಬರಲ್ಲ ಅಂತ ತಾನೇ... ಈ ಮೊದಲನೇ ಅಕ್ಷರ ಬರುತ್ತೆ. ಆಸ್ಪತ್ರೆ ಬೋರ್ಡಲ್ಲಿ ಇರುತ್ತಲ್ಲ, ಅದು. ಹಾ ಅನ್ನೋದು ಅದೇ. ಶ್ರೀನಿವಾಸಮೂರ್ತಿಗಳು ಪ್ರತಿ ವರ್ಷ ಮೂರನೇ ಸಾಲನ್ನ ಇದೇ ಅಕ್ಷರದಿಂದ ಶುರು ಮಾಡ್ತಿದ್ರು.

ನಿಂಗೆ ಯಾರು ಹೇಳಿದ್ರು? ಅವರಾ? ಸುಬ್ಬಪ್ಪನಾ?

ಇಲ್ವಾ.

ಮತ್ತೆ ಹೇಗೆ ಗೊತ್ತಾಯ್ತು ಮಗಳೇ? ಏನಂದೆ, ಚಾರ್ಟಾ?

ಬೋಗಿ ಬಾಗಿಲಿಗೆ ಒಂದು ಚಾರ್ಟು ಅಂಟಿಸ್ತಾರಲ್ಲ... ಯಾರ ಬರ್ತು ಯಾವುದು ಅಂತ. ರೈಲು ಬಂದ ತಕ್ಷಣ ನೀನು ಓಡಿಹೋಗ್ತಿದ್ದೆ, ಅಪ್ಪಾ ನಮ್ಮ ಹೆಸರು ಇದೆ, ನಮ್ಮ ಹೆಸರು ಇದೆ ಅಂತ. ಐದನೇ ಕ್ಲಾಸಲ್ಲಿ ಇಂಗ್ಲಿಷ್ ಅಕ್ಷರ ಕಲಿತಾಗಿಂದ. ನನಗೆ ಓದೋಕೆ ಬರಲ್ಲ, ಅದಕ್ಕೆ ಅದು ನಿಂಗೂ ಕಾಣಲ್ಲ ಅಂತ ನಾನು... ನೋಡು ನನ್ನ ದಡ್ಡತನ. ಮೂರನೇ ಹೆಸರೂ ಓದ್ತಿದ್ಯಾ? ಇಷ್ಟು ವರ್ಷವೂ?

ಹಾಗಾದ್ರೆ ಕೇಳು. ಎಲ್ಲ ಹೇಳಿಬಿಡ್ತೀನಿ. ಇನ್ನೂ ಒಂಬತ್ತು ಜನ ಇದ್ದಾರೆ ಮುಂದೆ.

ನಿಮ್ಮಮ್ಮ ಹೊಳೇಲಿ ಹೋಗಲಿಲ್ಲ. ತವರಲ್ಲಿ ಮುಳುಗಿದ್ಲು ಅಂತ ಹೇಳಿದ್ವಲ್ಲ, ಬೇಸಿಗೆ ಅದು, ಹೊಳಲೂರಲ್ಲಿ ಹೊಳೆ ಮೊಣಕಾಲುದ್ದ ಹರೀತಿತ್ತು. ಕಾರ್ಖಾನೆಯಿಂದ ನಾಲ್ಕು ವರ್ಷಕ್ಕೊಂದು ಸಲ ಊರು ನೋಡೋಕೆ ಎಲ್‌ಟಿಸಿ ಕೊಡ್ತಿದ್ರು. ನಾವು ಊರು ನೋಡ್ತಾ ಇರಲಿಲ್ಲ, ಯಾವುದೋ ಬಿಲ್ಲು ತಂದು ದುಡ್ಡು ತಗೋತಿದ್ವಿ. ಎಷ್ಟೋ ಜನ ಹಾಗೇ ಮಾಡ್ತಿದ್ರು. ನಿಮ್ಮಮ್ಮ ಹಾಲಮ್ಮ ಮಾತ್ರ ಕೇಳ್ತಿದ್ಲು, ಈ ಸಲ ನಿಜವಾಗ್ಲೂ ಹೋಗೋಣ ರೀ, ಎಲ್ಲಿಗಾದ್ರೂ ಅಂತ. ಮದುವೆಯಾಗಿ ಭದ್ರಾವತಿಗೆ ಬಂದವಳು ಶಿವಮೊಗ್ಗ ಬಿಟ್ಟು ಆಚೆ ಕಂಡಿರಲಿಲ್ಲ. ಆ ದಿನ ಮನೆಗೆ ನನ್ನ ಪಾಳಿಯವರು ಬಂದಿದ್ರು. ಅವರ ಎದುರಿಗೇ ಕೇಳಿದ್ಲು. ನಾನು ನಕ್ಕೆ. ನಿನ್ನ ಮುಖಕ್ಕೆ ಯಾವ ಊರೇ ಅಂದೆ. ಅವರೂ ನಕ್ಕರು. ಅವಳು ಕಾಫಿ ಲೋಟ ಇಟ್ಟು, ಯಾರೂ ಕಂಡಿರದ ಊರಿಗೆ ಹೋಗ್ತೀನಿ ಅಂದ್ಲು, ಅಷ್ಟೇ. ಜೋರಾಗೂ ಅನ್ನಲಿಲ್ಲ.

ಮಾರನೇ ದಿನ ಕೆಲಸ ಮುಗಿಸಿ ಬಂದ್ರೆ ನೀನು ಪಕ್ಕದ ಶಾಂತಮ್ಮನ ಮನೇಲಿದ್ದೆ. ಅನ್ನ ಮಾಡಿಟ್ಟಿದ್ಲು. ಸಾರು ಮಾಡಿಟ್ಟಿದ್ಲು.

ಸುಬ್ಬಪ್ಪನೇ ಹೇಳಿದ್ದು. ಓಡಿಹೋದ್ಲು ಅನ್ನೋದಕ್ಕಿಂತ ಹೊಳೆ ಪಾಲಾದ್ಲು ಅನ್ನೋದು ಮರ್ಯಾದೆ ಭಾವ, ಮುಂದೆ ಮಗೂಗೆ ಗಂಡು ಸಿಗಬೇಕಲ್ಲ ಅಂದ. ಒಪ್ಪಿದೆ. ಹನ್ನೊಂದನೇ ದಿನದ್ದೂ ಮಾಡಿದ್ವಿ. ಪಿಂಡ ಇಡೋವಾಗ ಮುಖ ಆಚೆ ತಿರುಗಿಸಿದೆ, ದುಃಖಕ್ಕೆ ಅಂತ ಎಲ್ಲರೂ ಅಂದ್ಕೊಂಡ್ರು.

ಯಾರೂ ಕಂಡಿರದ ಊರು ಅಂದ್ಲಲ್ಲ. ಅದೊಂದೇ ವಿಳಾಸ ನನ್ನ ಹತ್ರ ಇದ್ದಿದ್ದು. ಅದಕ್ಕೇ ಎಲ್ಲರನ್ನೂ ಕೇಳಿ ಕೇಳಿ, ಯಾರೂ ಹೋಗದ ಊರೇ ಹುಡುಕ್ತಿದ್ದೆ. ಬಸ್ಸಿನ ಟೈಮು ಕೇಳ್ಕೊಂಡು ಬರ್ತೀನಿ ಅಂತ ನಿನ್ನ ಲಾಡ್ಜಲ್ಲಿ ಬಿಟ್ಟು ಎರಡು ಮೂರು ಗಂಟೆ ಹೋಗ್ತಿದ್ದೆನಲ್ಲ... ನಲ್ಲಿ ಹತ್ರ, ಸಂತೇಲಿ, ಹೂ ಮಾರೋರ ಹತ್ರ ಅವಳ ಫೋಟೋ ತೋರಿಸ್ತಿದ್ದೆ. ತಮಿಳು ಬರಲ್ಲ, ಮರಾಠಿ ಬರಲ್ಲ. ಫೋಟೋ ಹಿಡ್ಕೊಂಡು ನಿಲ್ಲೋದು ಅಷ್ಟೇ.

ಸಿಕ್ಕಿಬಿಟ್ಟರೆ ವಾಪಸ್ ಬರೋಕೆ ಅವಳಿಗೆ ಟಿಕೆಟ್ ಬೇಕಲ್ಲ? ಆಗ ಹೋಗಿ ಕೇಳಿದ್ರೆ ಬರ್ತು ಎಲ್ಲಿ ಸಿಗುತ್ತೆ? ನಿಂತ್ಕೊಂಡು ಬಾ ಅನ್ನಲಾ ಅವಳಿಗೆ? ಅದಕ್ಕೇ ಮೂರು. ಟಿಟಿ ಬಂದು ಈ ಮೂರನೆಯವರು ಎಲ್ಲಿ ಅಂದ್ರೆ, ಮುಂದಿನ ಸ್ಟೇಷನ್ನಲ್ಲಿ ಹತ್ತುತಾರೆ ಸಾರ್ ಅಂತಿದ್ದೆ. ಎರಡು ಸ್ಟೇಷನ್ ಸುಮ್ಮನಿರೋನು. ಆಮೇಲೆ ಬೇರೆ ಯಾರಿಗೋ ಕೊಡೋನು. ನೀನು ಕಿಟಕಿ ಕಡೆ ಮುಖ ಮಾಡ್ಕೊಂಡು ಕೂತಿರ್ತಿದ್ದೆ. ಹೊರಗೆ ನೋಡ್ತಿದೀಯ ಅಂದ್ಕೊಂಡಿದ್ದೆ ನಾನು.

ಬೈಯಿ ನನ್ನ. ಇಲ್ಲಾಂದ್ರೆ ಎದ್ದು ಹೋಗು, ನಾನು ತಡೆಯಲ್ಲ.

ಇದೇನು, ಕರ್ಚೀಫು ಯಾಕೆ ನಂಗೆ? ಓ... ಕೊಡು.

ಫಾರಂ ಹರೀತೀಯೇನೋ ಅಂತ ನೋಡ್ತಿದ್ದೆ. ಹರೀಲಿಲ್ಲ ನೀನು. ಪೂರ್ತಿ ತುಂಬಿದೀಯ, ಸಹಿ ಒಂದು ಬಾಕಿ ಇದೆ. ಇರು, ಇದು ತಪ್ಪಾಗಿದೆ. ಅಂಕಿ ನಂಗೆ ಓದೋಕೆ ಬರುತ್ತೆ. ಕಾರ್ಖಾನೇಲಿ ದಿನಾ ಮೀಟರ್ ನೋಡ್ತೀನಲ್ಲ. ಅವಳ ವಯಸ್ಸು ಮೂವತ್ತಮೂರು. ಶ್ರೀನಿವಾಸಮೂರ್ತಿಗಳ ಹತ್ರ ಪ್ರತಿ ವರ್ಷ ಮೂವತ್ತಮೂರು ಅಂತಲೇ ಬರೆಸ್ತಿದ್ದೆ. ಹೋದಾಗ ಅಷ್ಟೇ ಆಗಿತ್ತು. ನೀನು ನಲವತ್ತೈದು ಅಂತ ಹಾಕಿದೀಯ.

ನಲವತ್ತೈದು.

ಹೌದಲ್ವಾ... ಹನ್ನೆರಡು ವರ್ಷ ಆಯ್ತಲ್ಲ.

ಫೋಟೋದಲ್ಲಿ ಇರೋಳನ್ನೇ ಹುಡುಕ್ತಿದ್ದೆ ನಾನು, ಇಂಪನಾ. ಎಷ್ಟು ಜನ ನಲವತ್ತು ದಾಟಿದ ಹೆಂಗಸರು ಎದುರಿಗೇ ಹೋಗಿರ್ತಾರೋ, ನಾನು ಮುಖ ಎತ್ತಿ ನೋಡಲೇ ಇಲ್ಲ.