ಕಸದ ಬಾವ್ಯಾಗ ನೀರು

ಲೈಟ್ ಇರಲಿ, ಆರಿಸಬ್ಯಾಡ್ರಿ. ಇದು ನಮ್ಮ ಅತ್ತಿ ಮಗ ಕರಿಬಸವಗ ಆಗಿದ್ದು. ಹೇಳಾಕ ನನಗ ಹೆದರಿಕಿಗಿಂತ ಹೇಸಿಗಿ ಜಾಸ್ತಿ.

ಕರಿಬಸವಂದು ಸಿರುಗುಪ್ಪದಾಗ ವಿಡಿಯೋ ಅಂಗಡಿ. ಮದುವಿ, ನಾಮಕರಣ, ಸತ್ತೋರಿಗೆ ಶ್ರದ್ಧಾಂಜಲಿ ವಿಡಿಯೋ... ಕಂಪ್ಯೂಟರ್ ಮುಂದ ಕುಂತ ಅಂದ್ರ ಕೈ ಭಾಳ ಚುರುಕು. ಮನಿ ಕರೂರಾಗ. ಆವತ್ತು ಕಡೀ ಬಸ್ ಇಳದು, ಗದ್ದಿ ಬದಿಯ ಹಳೇ ಬಾವಿ ಹತ್ರ ಬಂದಿದ್ದ.

ಗುಳುಂ...

ನಿಂತುಬಿಟ್ಟ. ಯಾಕಂದ್ರ ಆ ಬಾವ್ಯಾಗ ನೀರೇ ಇಲ್ಲ! ನಳ ಬಂದ ಮ್ಯಾಲ ಊರವರು ಕಸ ಸುರುವಿ ಸುರುವಿ ಮುಚ್ಚಿ ಹಾಕ್ಯಾರ. ಅದರಾಗ ನೀರಿದ್ದದ್ದು ಕರಿಬಸವನ ರೀಲ್ಸ್‌ನಾಗ ಮಾತ್ರ.

ಅವನ ಆ ಹೊಲಸು ಕೆಲಸ ಕೇಳ್ರಿ. ರಾರಾವಿ ಊರಿನ ರಾಧಾನ ಅವ್ವ ದುರುಗಮ್ಮ ತೀರಿಕೊಂಡಿದ್ಲು. ಲಕ್ವಾ ಹೊಡದು ಬಾಯಿ ಒಂದು ಕಡಿ ಸೊಟ್ಟ ಆಗಿ, ಮೊಮ್ಮಕ್ಳು ಹೆದರಿ ಹತ್ರ ಹೋಗ್ತಿದ್ದಿಲ್ಲಂತ. ರಾಧಾ ಫೋಟೋ ಕೊಟ್ಟು, "ಅಣ್ಣಾ, ಅವ್ವನ ಬಾಯಿ ನೆಟ್ಟಗ ಮಾಡಿಕೊಡ್ರಿ. ಕಾರ್ಯದ ದಿನ ಆದ್ರೂ ಮಕ್ಳು ಅಜ್ಜಿ ಮುಖ ಹೆದರದ ನೋಡ್ಲಿ," ಅಂತ ಅತ್ತಿದ್ಲು. ಇಂವ ಹೂಂ ಅಂದ. ಅಂದು ಮಾಡಿದ್ದೇನು? ಅದೇ ಫೋಟೋ ತಗದು, ಬಾಯಿನ ಇನ್ನಷ್ಟು ಕಿವಿತನ ಎಳದ. ಬಾವಿ ವಿಡಿಯೋ ಹಿಡದು, ಕಸದ ಮ್ಯಾಲ ಕಂಪ್ಯೂಟರ್‌ನಾಗ ನೀರು ತುಂಬಿಸಿದ. ಮುಖದ ನಾಕೂ ಮೂಲಿ ಹಿಡದು, ದೂರದ ಅಂಚು ಸಣ್ಣ, ಹತ್ರದ್ದು ಅಗಲ ಮಾಡಿ, ನೀರಿನ ಮ್ಯಾಲ ಚಾಪಿ ಹಾಸಿದಂಗ ಮಲಗಿಸಿದ. ಅಲಿ ಎದ್ದಂಗ ಬಾಯಿ ಅಲುಗತಿತ್ತು. 'ದೆವ್ವದ ಬಾವಿ' ಅಂತ ಹೆಸರಿಟ್ಟು ರೀಲ್ಸ್ ಬಿಟ್ಟ. ಮಂದಿ ನೋಡಿದ್ದೇ ನೋಡಿದ್ದು. ಥೂ! ನಮ್ಮವನಾದ್ರೂ ಅಂತೀನಿ, ಥೂ ಅವನ ಜಲ್ಮಕ್ಕ!

ಲೊಚ್... ಲೊಚ್...

ಹಲ್ಲಿಲ್ಲದ ಬಾಯಿ ಅಂಬ್ಲಿ ಸುರದಂಗ. ಮೊಬೈಲ್ ಟಾರ್ಚ್ ಹಾಕಿ ಬಗ್ಗಿ ನೋಡಿದ. ಕಟ್ಟಿತನ ನೀರು! ಅದರ ಮ್ಯಾಲ ಅದೇ ಮುಖ, ತಾ ಮಲಗಿಸಿದಂಗೇ. ನಾತ ಅಂದ್ರ... ಕೊಳೆತ ಹೂವು, ಊದಿನಕಡ್ಡಿ, ಹುಳಿ ಜೊಲ್ಲು ಎಲ್ಲ ಕೂಡಿದ್ದು. ಮೂಗು ಮುಚ್ಚಿಕೊಂಡ.

"ಚಿತ್ರ ಇದು... ನಾ ಮಾಡಿದ್ದು..." ಅಂತ ಪಿಸುಗುಟ್ಟಿಕೊಂತ ಬಾವಿ ಸುತ್ತಿ ಆ ಕಡಿ ಹೋದ. ಅಂಥಾ ಚಿತ್ರ ಒಂದು ಕಡಿಯಿಂದ ಮಾತ್ರ ಸರಿ ಕಾಣ್ತೈತಿ, ಇನ್ನೊಂದು ಕಡಿ ನಿಂತ್ರ ಸೊಟ್ಟ ಆಗಬೇಕು. ಅದು ಅವನ ಕಸುಬು, ಗೊತ್ತಿಲ್ಲದ್ದೇನಲ್ಲ. ಸೊಟ್ಟ ಆಗಲಿಲ್ಲ. ಆ ಕಡಿಯಿಂದ ನೆತ್ತಿ ಕಾಣ್ತು. ಒದ್ದಿ ಬಿಳಿಗೂದಲು ಕಾಣ್ತು. ಕಿವ್ಯಾಗ ತುರುಕಿದ ಹತ್ತಿ... ಫೋಟೋದಾಗ ಹತ್ತಿ ಇದ್ದಿಲ್ರೀ! ಬದುಕಿದ್ದಾಗಿನ ಫೋಟೋ ಅದು!

"ನೋಯ್ತೈತಪಾ... ಬಿಡು..." ಅಂತು ನೀರಾಗಿನ ಬಾಯಿ.

ಕಟ್ಟಿ ಮ್ಯಾಲಿಂದ ನೀರು ಚೆಲ್ಲಿ ಚಪ್ಲಿ ತೋಯ್ತು. ಇಂವ ಓಟ ಕಿತ್ತ.

ಮನಿ ಮುಟ್ಟಿದಾಂವನೇ ರೀಲ್ಸ್ ಅಳಿಸಿದ. ಬೆಳಗಾದ ಕೂಡ್ಲೆ ಅಂಗಡಿಗೆ ಹೋಗಿ, ಫೋಟೋದಾಗ ಬಾಯಿ ನೆಟ್ಟಗ ಮಾಡಿದ. ಕಾರ್ಯದ ದಿನ ಟಿವ್ಯಾಗ ಅಜ್ಜಿ ನಕ್ಕಂತ ಇದ್ಲು. ಮೊಮ್ಮಕ್ಳು ಮುಂದ ಬಂದು ಕುಂತ್ವು. ರಾಧಾ ಕೈ ಮುಗದು, "ಊಟ ಮಾಡ್ಕೊಂಡು ಹೋಗ್ರಿ ಅಣ್ಣಾ," ಅಂದ್ಲು. ಅಷ್ಟರಾಗ ಅಲ್ಲೇ ಪಂಕ್ತ್ಯಾಗ ಯಾರದೋ ಮೊಬೈಲ್... ಲೊಚ್... ಲೊಚ್...

ಅಳಿಸಿದ್ರೇನು, ಮಂದಿ ಇಳಿಸಿಕೊಂಡು ಒಬ್ಬರಿಗೊಬ್ಬರು ಕಳಿಸಿಬಿಟ್ಟಿದ್ರು. ಆದ್ರ ಆ ರೀಲ್ಸ್‌ಗೆ ಇಂವ ಸಪ್ಪಳನೇ ಹಾಕಿದ್ದಿಲ್ಲ. ಎಲಿ ಮುಂದಿಂದ ಎದ್ದು ಬಂದ.

ಇದು ಶಿವರಾತ್ರಿ ಹಿಂದು ಮುಂದಿನ ಮಾತು. ಆವತ್ತು ತೋಯ್ದ ಚಪ್ಲಿ ಆರಲಿ ಅಂತ ಬ್ಯಾಸಗಿ ಪೂರಾ ಮಾಳಿಗಿ ಮ್ಯಾಲೇ ಅದಾವು. ನಮ್ಮ ಬಳ್ಳಾರಿ ಬಿಸಲು ನಿಮಗ ಗೊತ್ತಲ್ಲ? ಇನ್ನೂ ಆರಿಲ್ಲ. ಸುಳ್ಳಲ್ಲ, ಮೊನ್ನಿ ನಾನೇ ಮುಟ್ಟಿ ನೋಡೀನಿ... ಬೆರಳಿಗೆ ಒದ್ದಿ ಹತ್ತಿ ಎಳಿ ಅಂಟಿಕೊಂಡಿತ್ತು.