ಸೀಸದ ಮೇಲೆ ಎಡಗಾಲು

...ಆ ಕಡೆ ತಗಡಿಗೆಲ್ಲ ಗುರುತು ಹಾಕಿ ಮೇಡಂ, ಕರಗಿಸಿ, ಹೊಸದು ಎರೀರಿ, ನನ್ನ ತಕರಾರಿಲ್ಲ. ಇದೊಂದನ್ನ ಬಿಡಿ. ನಲವತ್ನಾಲ್ಕು ವರ್ಷ ಈ ಕೆಥೆಡ್ರಲ್ ಚಾವಣಿಗೆ ಸೀಸ ಹೊದಿಸಿದವನು ನಾನು. ನೀವು ಸರ್ವೆಗೆ ಬಂದು ಮೂರು ದಿನ. ಬೇಜಾರು ಮಾಡ್ಕೋಬೇಡಿ, ಇದ್ದದ್ದು ಹೇಳಿದೆ.

ಇಲ್ಲಿ ಕೆಲಸ ಮಾಡಿದವರೆಲ್ಲ ತಗಡಿನ ಮೇಲೆ ಕಾಲಿಟ್ಟು, ಬೂಟಿನ ಸುತ್ತ ಗೀರಿ, ಇಸವಿ ಕೆತ್ತಿ ಹೋಗ್ತಿದ್ರು. ಕೆಳಗೆ ಬಿಷಪ್ಪರಿಗೆ ಅಮೃತಶಿಲೆ ಸಮಾಧಿ, ಮೇಲೆ ನಮಗೆ ಇದು. ಹೆನ್ರಿ ರಾಜ ಸನ್ಯಾಸಿಗಳನ್ನ ಓಡಿಸಿದ. ಆಮೇಲೆ ಕ್ರಾಮ್‌ವೆಲ್ ಕಡೆಯವರು ಬಂದು ಸಂತರ ಕಲ್ಲಿನ ಮೂರ್ತಿಗಳ ಮೂಗೆಲ್ಲ ಹಾರಿಸಿದ್ರು. ಚಾವಣಿಗೆ ಮಾತ್ರ ಯಾರೂ ಬರಲಿಲ್ಲ. ಇನ್ನೂರ ಎಂಟು ಮೆಟ್ಟಿಲು ನೋಡಿ... ರೋಷ ಬೇರೆ, ಮಂಡಿ ಬೇರೆ.

ಈ ಪಾದ 1662ರದು. ಇಸವಿ ಇಲ್ಲೇ ಇದೆಯಲ್ಲ. ಮುನ್ನೂರು ವರ್ಷ ದಾಟಿದ ತಗಡು ಕರಗಿಸಬಾರದು ಅಂತ ನಿಮ್ಮ ಕಾಗದದಲ್ಲೇ ಬರೆದಿದೆ.

ಯಾಕೆ ನಗ್ತೀರಿ? ಚಿಕ್ಕದು, ಹೌದು. ಆಗಿನ ಜನ ಗಿಡ್ಡ. ಕೆಳಗೆ ಸಮಾಧಿ ಮೇಲೆ ಕಲ್ಲಾಗಿ ಮಲಗಿದಾನಲ್ಲ ಸರದಾರ, ಎದ್ದು ನಿಂತರೆ ನನ್ನ ಎದೆಮಟ್ಟ. ಮುಂದೆ ಚೂಪು... ಚೂಪು ಬೂಟಿನ ಕಾಲ ಅದು. ಹಿಂದಿನ ಆ ಪುಟ್ಟ ದುಂಡು ಗುರುತಾ? ಹಿಮ್ಮಡಿ. ಎತ್ತರದ್ದು. ಆಗ ಗಂಡಸರೂ ಹಾಕ್ತಿದ್ರು, ಪುಸ್ತಕದಲ್ಲಿದೆ. ಸೀಸದ ಕೆಲಸದವನು ಹಾಕ್ತಿದ್ನಾ ಅಂದ್ರೆ... ಹಬ್ಬದ ದಿನ ಹತ್ತಿರಬಹುದು.

ಇಸವಿ ಹೊಳೀತಿದೆಯಾ? ಮಳೆ ತೊಳೆದಿರುತ್ತೆ.

ಹದಿನಾರು ಮಾತ್ರ ಹೊಳೀತಿದೆ, ಅರವತ್ತೆರಡು ಬೂದು ಅಂತೀರಾ. ಮಳೆ... ಆ ಕಡೆಗೆ ಜಾಸ್ತಿ ಬಿದ್ದಿರುತ್ತೆ.

ಬೆರಳಿಂದ ಉಜ್ಜಿ ನೋಡಬೇಡಿ ಮೇಡಂ. ನಗೋದಾದ್ರೂ ನಗಿ.

...ಹೂಂ. ಸೀಸ ಹಾಗೇ. ಹಳೇ ಗೀರು ಬೂದಾಗುತ್ತೆ, ಹೊಸದು ಹೊಳೆಯುತ್ತೆ. ಹದಿನಾರು ನಾನು ಮೊನ್ನೆ ಮಂಗಳವಾರ ಸೇರಿಸಿದ್ದು.

ಅರವತ್ತೆರಡು ಮಾತ್ರ ನಿಜ. 1962, ನಮ್ಮ ಮದುವೆ ಗೊತ್ತಾದ ವರ್ಷ. ಎಡಿತ್ ಅಷ್ಟೂ ಮೆಟ್ಟಿಲನ್ನ ಆ ಬೂಟಲ್ಲೇ ಹತ್ತಿದ್ಲು, ದಾರಿಯುದ್ದಕ್ಕೂ ನನ್ನ ಬೈಕೊಂಡು. ನಾನು ಬಗ್ಗಿ ಗೀರೋವಾಗ ತಾನು ಬೀಳಬಾರದು ಅಂತ ನನ್ನ ಕೂದಲು ಹಿಡ್ಕೊಂಡು ನಿಂತಿದ್ಲು. ಆಗ ಕೂದಲಿತ್ತು.

ಎಡಗಾಲು ಅದು. ಸಕ್ಕರೆ ಕಾಯಿಲೆ ಮಗಳೇ... ಹೋದ ನವೆಂಬರಲ್ಲಿ ಮಂಡಿ ಕೆಳಗೆ ತೆಗೆದುಬಿಟ್ರು. ಆಸ್ಪತ್ರೆಯಿಂದ ಬಂದ ದಿನವೇ ಕೇಳಿದ್ಲು, ಅದು ಇನ್ನೂ ಮೇಲಿದೆಯಾ ಅಂತ. ನಿನ್ನೆ ಮತ್ತೆ ಕೇಳಿದ್ಲು.

ಇದೆ ಅಂದೆ.