ಕುಣಿಗಲ್ ಲಾಳದ ಉಂಗುರ

...ಮೊದ್ಲು ಆ ಉಂಗುರ ತೆಗಿ ಕಣವ್ವ, ಆಮೇಲೆ ಹೇಳ್ತೀನಿ. ಬೇಡ ಬುಡು, ಹಾಕ್ಕೊಂಡೇ ಕೇಳು. ಕೇಳಿದ್ಮೇಲೆ ನೀನೇ ತೆಗಿತೀಯ. ನಿಮ್ಮಮ್ಮನ್ನ ಬೈಬೇಡ, ಅವಳು ಒಳ್ಳೇದಕ್ಕೇ ಹಾಕವ್ಳೆ. ಹೋದ ವಾರ ನೀನು ಕಾಲೇಜಲ್ಲಿ ಬಿದ್ದೆ, ಡಾಕ್ಟ್ರು ಫಿಟ್ಸು ಅಂದ್ರು, ಮಾತ್ರೆ ಬರ್ಕೊಟ್ರು. ಇವಳು ಹೆದರ್ಕೊಂಡು ನನ್ನ ಟ್ರಂಕು ಕೆದಕಿ ನಿಮ್ಮಜ್ಜಿ ಉಂಗುರ ತಂದವ್ಳೆ. ಕುದುರೆ ಲಾಳದ್ದು, ಅತ್ತೆಗೆ ಇದ್ರಿಂದ್ಲೇ ಅಷ್ಟು ವರ್ಷ ಫಿಟ್ಸು ಬರ್ದೇ ಇದ್ದಿದ್ದು ಅಂತ. ಸುಧಾ, ಸ್ಟೌ ಆಫ್ ಮಾಡಿ ನೀನೂ ಬಾ. ಇದು ನಿಂಗೂ ಗೊತ್ತಿಲ್ಲ. ಯಾರ್ಗೂ ಹೇಳಿಲ್ಲ ನಾನು.

ಆವಾಗ ನಿಟ್ಟೂರಲ್ಲಿ ನಂದು ವೆಲ್ಡಿಂಗ್ ಅಂಗಡಿ. ಗೇಟು, ಗ್ರಿಲ್ಲು, ಕಿಟಕಿ. ಮುಂದ್ಗಡೆ ಅಂಗಡಿ, ಹಿಂದ್ಗಡೆ ಮನೆ. ಮನೆ ತುಂಬ ಕಬ್ಬಿಣ. ನಡೆದ್ರೆ ಕಾಲಿಗೆ ಕಬ್ಬಿಣ, ಕೂತ್ರೆ ಕುಂಡಿಗೆ ಕಬ್ಬಿಣ. ಫಿಟ್ಸಿಗೆ ಕಬ್ಬಿಣ ಔಷಧಿ ಆಗಿದ್ರೆ ನಮ್ಮ ಬೀದಿಗೇ ಅದು ಕಾಲಿಡಬಾರ್ದಾಗಿತ್ತು. ಬಂತು. ನಮ್ಮ ಗಂಗಮ್ಮಂಗೇ ಬಂತು, ನಿಮ್ಮಜ್ಜಿಗೆ. ಮೊದಲ್ನೇ ಸಲ ಗುಬ್ಬಿ ಬಸ್‌ಸ್ಟ್ಯಾಂಡಲ್ಲಿ. ಜನ ನೋಡ್ಬೇಕಿತ್ತು ನೀನು. ನೀರು ಕೊಡೋರು ಒಬ್ರಿಲ್ಲ, ಕಬ್ಬಿಣ ಕೊಡೋರು ನೂರು ಜನ. ಒಬ್ಬ ಕುಡುಗೋಲು ತಂದ. ಕಂಡಕ್ಟ್ರು ಸ್ಪ್ಯಾನರ್ ತಂದ. ಒಬ್ಬಾತ ಧಾರಾಳವಾಗಿ ತನ್ನ ಟಿವಿಎಸ್ ಬೀಗದಕೈನೇ ಅವಳ ಕೈಗೆ ತುರುಕ್ದ. ಅವಳು ಹಿಡಿದಳು ನೋಡು, ಬಿಡಲ್ಲ. ಆತ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ. "ಯಜಮಾನ್ರೆ, ಡ್ಯೂಟಿಗೆ ಲೇಟಾಯ್ತದೆ, ವಸಿ ಬಿಡ್ಸಿ." ನಾನಂದೆ, "ನೀನ್ ಕೊಟ್ಟಿದ್ದು ಔಷಧಿ ಅಲ್ವೇನಯ್ಯ, ಕೋರ್ಸ್ ಮುಗೀಲಿ ತಡಿ." ಇನ್ನೊಬ್ಬ ಬಾಯಿಗೆ ಚಮಚ ತೂರಿಸಿ ಒಂದು ಹಲ್ಲು ಮುರ್ದ. ಚಪ್ಪಲಿ ಮೂಸಿಸ್ದೋನು ಬೇರೆ. ಅದು ಹೊಸ ಚಪ್ಪಲಿ, ಕೆಲ್ಸ ಮಾಡಲ್ಲ, ಹಳೇದು ತನ್ನಿ ಅಂತ ಅದಕ್ಕೊಂದು ವಾದ!

ತುಮಕೂರಿಗೆ ಕರ್ಕೊಂಡ್ಹೋದೆ, ನರದ ಡಾಕ್ಟ್ರ ಹತ್ರ. ನಮ್ಮತ್ತೆನೂ ಬಂದಿದ್ಲು, ಕುಣಿಗಲ್ ಕಡೆಯೋಳು, ಗಟ್ಟಿ ಹೆಂಗ್ಸು. ಡಾಕ್ಟ್ರು ನಿಧಾನವಾಗಿ ಹೇಳಿದ್ರು. ಬಿದ್ರೆ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕ್ಬೇಡಿ, ಕೈಗೆ ಏನೂ ಕೊಡ್ಬೇಡಿ. ಮಾತ್ರೆ ಒಂದು ಹೊತ್ತೂ ತಪ್ಪಿಸ್ಬೇಡಿ, ನಿಲ್ಲಿಸೋದಾದ್ರೆ ನಾನು ಹೇಳ್ತೀನಿ ಅಂತ. ನಮ್ಮತ್ತೆ ಎಲ್ಲಾ ಕೇಳಿಸ್ಕೊಂಡು, "ಅದು ಸರಿ ಸ್ವಾಮಿ, ಲಾಳದ ಉಂಗುರ ಹಾಕ್ಬೋದಾ?" ಅಂದ್ಲು. ಆಯಪ್ಪ ನಕ್ಕು, "ಹಾಕ್ಕೊಳ್ಳಿ ತಾಯಿ. ಮಾತ್ರೆ ಮಾತ್ರ ಬಿಡ್ಬೇಡಿ" ಅಂದ್ರು. ನಮ್ಮತ್ತೆ ಕಿವಿಗೆ ಅದ್ರಲ್ಲಿ ಅರ್ಧ ಬಿತ್ತು.

ಆಚೆ ಬಂದ ತಕ್ಷಣ ಶುರು. "ಅಳಿಮಯ್ಯ, ಲಾಳ ಅಂದ್ರೆ ಯಾವ್ದೋ ಜಟಕಾ ಕುದ್ರೆದಲ್ಲ. ನಮ್ಮ ಕುಣಿಗಲ್ ಫಾರಮ್ಮಿನ ರೇಸ್ ಕುದ್ರೆದೇ ಆಗ್ಬೇಕು, ಓಡಿ ಸವೆದಿರ್ಬೇಕು. ನೀವೇ ಹೋಗಿ ತರ್ಬೇಕು." ಹೋದೆ. ಕುಣಿಗಲ್ಲಲ್ಲಿ ಇಳ್ದೆ. ಯಾರನ್ನ ಕೇಳೋದು? ಏನಂತ ಕೇಳೋದು? ನಿಮ್ಮ ಕುದ್ರೆ ಕಾಲು ಬಿಚ್ಚಿಕೊಡಿ ಅಂತ್ಲಾ? ನಾಚಿಕೆ ಆಯ್ತು. ಹೋಟ್ಲಲ್ಲಿ ಮಸಾಲೆ ದೋಸೆ ತಿಂದೆ. ಇನ್ನೊಂದು ತಿಂದೆ. ಬಸ್ ಹತ್ತಿ ವಾಪಸ್ ಬಂದೆ. ಅಂಗಡಿ ಮೂಲೇಲಿ ಒಂದು ಸರಳಿನ ತುಂಡು ಬಿದ್ದಿತ್ತು. ಯಾರ್ದೋ ಮನೆ ಕಕ್ಕಸಿನ ಕಿಟಕಿಗೆ ಗ್ರಿಲ್ ಮಾಡಿ ಮಿಕ್ಕಿದ್ದು. ಕತ್ತರಿಸ್ದೆ, ಬಗ್ಗಿಸ್ದೆ, ಉಜ್ದೆ. ನಮ್ಮತ್ತೆ ಅದನ್ನ ಕಣ್ಣಿಗೆ ಒತ್ಕೊಂಡು, "ನೋಡು, ತೂಕದಲ್ಲೇ ಗೊತ್ತಾಯ್ತದೆ, ಕುದ್ರೆದು" ಅಂದ್ಲು.

ಹೂಂ ಕಣವ್ವ, ನಿನ್ನ ಬೆರಳಲ್ಲಿರೋದು ಅದೇ. ನಗು, ನಗು. ನಾನೂ ಒಳಗೊಳಗೇ ನಕ್ಕಿದ್ದೆ.

ಮಾತ್ರೆ, ಉಂಗುರ ಎರಡೂ ಒಂದೇ ವಾರ ಶುರುವಾಯ್ತು. ಫಿಟ್ಸು ನಿಂತ್ಹೋಯ್ತು. ಹೆಸರು ಯಾರಿಗೆ ಬಂತು ಹೇಳು? ಮಾತ್ರೆನ ಯಾರಾದ್ರೂ ಹೊಗಳ್ತಾರಾ? ಅದು ಡಬ್ಬೀಲಿ ಇರ್ತದೆ. ಉಂಗುರ ಬೆರಳಲ್ಲಿ ಕಾಣ್ತದೆ. ನಂಟ್ರು ಬಂದ್ರು, ನಂಟ್ರ ನಂಟ್ರು ಬಂದ್ರು. "ನಮ್ಮ ಮಗೀಗೂ ಒಂದು ಮಾಡ್ಕೊಡಣ್ಣ, ಕುಣಿಗಲ್ದೇ ಆಗ್ಬೇಕು." ಮಾಡ್ಕೊಟ್ಟೆ. ಒಂದಲ್ಲ, ಬೇಕಾದಷ್ಟು. ಗೇಟಿಂದು, ಶಟರ್‌ದು, ನೀರಿನ ಟ್ಯಾಂಕ್ ಸ್ಟ್ಯಾಂಡಿಂದು. ಕಾಸು ತಗೊಳ್ಳಿಲ್ಲ, ಅದೊಂದು ದೊಡ್ಡಸ್ತಿಕೆ ನಂಗೆ. ಲಾಳದಣ್ಣ ಅಂತ ಕರೀತಿದ್ರು. ಅವರಲ್ಲಿ ಎಷ್ಟು ಜನ ಮಾತ್ರೆ ಬಿಟ್ರೋ ನಂಗೊತ್ತಿಲ್ಲ. ಕೇಳಿಲ್ಲ. ಕೇಳೋ ಧೈರ್ಯ ಇರ್ಲಿಲ್ಲ ಅನ್ನು.

ಹಂಗೇ ವರ್ಷಗಳು ಹೋದ್ವು. ಒಂದಿನ ಬೆಳಗ್ಗೆ ನಿಮ್ಮಜ್ಜಿ ಮಾತ್ರೆ ಡಬ್ಬಿ ಹಿಡ್ಕೊಂಡು ಅಂಗಡಿಗೆ ಬಂದ್ಲು. "ಏನೂಂದ್ರೆ, ಇದು ತಿಂದ್ರೆ ದಿನವೆಲ್ಲ ತೂಕಡಿಕೆ. ಉಂಗುರ ಐತಲ್ಲ, ಇದ್ಯಾಕೆ ಇನ್ನು? ಬಿಟ್ಬುಡ್ಲಾ?" ನನ್ನ ಕೈಲಿ ವೆಲ್ಡಿಂಗ್ ರಾಡಿತ್ತು. ಆವಾಗ ಹೇಳ್ಬೇಕಿತ್ತು. ಲೇ ಗಂಗಿ, ಅದು ಕಕ್ಕಸಿನ ಕಿಟಕಿ ಕಣೇ, ನುಂಗು ಮಾತ್ರೆ ಅಂತ. ಒಂದೇ ಮಾತು. ಹೇಳಿದ್ರೆ ಏನಾಗ್ತಿತ್ತು? ಅವಳು ನಾಲ್ಕು ಬೈತಿದ್ಲು. ನಮ್ಮತ್ತೆ ಉಗೀತಿದ್ಲು. ಲಾಳದಣ್ಣ ಅಂತ ಕರೆದೋರೆಲ್ಲ ಬಂದು ಮುಖಕ್ಕೆ ಹೊಡೀತಿದ್ರು. ಅಷ್ಟೇ ತಾನೆ. ನಾನು ಮುಖಕ್ಕೆ ಶೀಲ್ಡ್ ಇಳಿಸ್ಕೊಂಡು "ನಿನ್ನಿಷ್ಟ" ಅಂದೆ.

ಮಾತ್ರೆ ಬಿಟ್ಟು ಎಂಟು ದಿನ ಆಯ್ತು. ಇಲ್ಲ, ಒಂಬತ್ತು. ಹಿತ್ಲಲ್ಲಿ ಸಿಮೆಂಟ್ ತೊಟ್ಟಿ ಇತ್ತು, ಬಟ್ಟೆ ಜಾಲಿಸ್ತಿದ್ಲು. ಮಧ್ಯಾಹ್ನ. ನಾನು ಮುಂದ್ಗಡೆ ಕಬ್ಬಿಣ ಕುಯ್ತಿದ್ದೆ, ಆ ಮಿಷನ್ ಸದ್ದಿಗೆ ಏನೂ ಕೇಳಿಸಲ್ಲ. ಊಟಕ್ಕೆ ಕರೀಲಿಲ್ವಲ್ಲ ಅಂತ ಹೋದೆ. ತಲೆ ನೀರೊಳಗಿತ್ತು. ಮೊಣಕಾಲುದ್ದ ಇಲ್ಲ ನೀರು. ಕೈ ಆಚೆ ಇತ್ತು. ಉಂಗುರ ನೆನೆದೂ ಇರ್ಲಿಲ್ಲ.

ಮಣ್ಣಿಗೆ ಬಂದ ಜನ ಸುಮ್ನಿದ್ರಾ? "ಉಂಗುರಕ್ಕೆ ಮೈಲಿಗೆ ಆಗಿರ್ಬೇಕು" ಅಂದೋಳು ಒಬ್ಳು. ಒಬ್ಬ ನನ್ನ ಪಕ್ಕ ಬಂದು ಹೆಗಲು ಮುಟ್ಟಿ, "ಅಣ್ಣ, ದುಃಖದಲ್ಲಿದೀಯ, ಕೇಳ್ಬಾರ್ದು. ಆ ಉಂಗುರ ಇನ್ನೇನ್ ಮಾಡ್ತೀಯ? ನಮ್ಮ ಅಕ್ಕನ ಮಗಳಿಗೆ ಬೇಕಿತ್ತು" ಅಂದ. ಅವತ್ತೂ ನಾನು ಬಾಯಿ ಬಿಡ್ಲಿಲ್ಲ. ಬಿಚ್ಚಿ ಟ್ರಂಕಿಗೆ ಹಾಕ್ದೆ. ಅಂಗಡಿ ಮುಚ್ದೆ. ನಿಮ್ಮಪ್ಪ ಈ ಸದಾಶಿವನಗರದ ಮನೆಗೆ ಕರ್ಕೊಂಡು ಬಂದ. ಮೂರು ವರ್ಷ ಆಯ್ತು, ಈ ಜಗಲಿ ಮೇಲೆ ಕೂತಿದೀನಿ, ದೊಡ್ಡ ಮನುಷ್ಯನ ಥರ.

ಅಳಬೇಡ ಸುಧಾ. ನೀನು ಹಾಕಿದ್ದಕ್ಕೇ ನಾನು ಇವತ್ತು ಬಾಯಿ ಬಿಟ್ಟಿದ್ದು. ಹೂಂ, ತೆಗೆದ್ಯಾ? ಕೊಡಿಲ್ಲಿ. ಬೇಕಾದ್ರೆ ತಾಯತ ಕಟ್ಟು, ದೇವರ ಹತ್ರ ಹರಕೆ ಹೊರು, ಡಾಕ್ಟ್ರೂ ಬೇಡ ಅನ್ನಲಿಲ್ಲ. ಮೈಮೇಲೆ ಹಾಕ್ಕೊಳ್ಳೋದು ಏನಾದ್ರೂ ಹಾಕ್ಕೊಳ್ಳಿ, ಹೊಟ್ಟೆಗೆ ಹೋಗೋದನ್ನ ಬಿಡ್ಬೇಡಿ. ಗೊತ್ತಿದ್ದೂ ಸುಮ್ನಿರೋ ಮುದುಕ ಮನೇಲಿದ್ರೆ ಮೊದ್ಲು ಅವನ ಬಾಯಿ ಬಿಡಿಸಿ. ಏಳವ್ವ, ಗಂಟೆ ಎಂಟಾಯ್ತು. ಮಾತ್ರೆ ತಗೊಂಬಾ, ನನ್ನ ಮುಂದೇನೇ ನುಂಗು.